ಒಂಟಿ ಕಾಲುಚೀಲ

ಬಟ್ಟೆ ತಿದ್ದುವವಳು ನಾನು. ಟೊಲೀಡೊದಲ್ಲಿ,
ನದಿಯ ಪೂರ್ವದಡದ ಬೀದಿ, ಲಾಂಡ್ರಿಗೆ ಅಂಟಿಕೊಂಡ ಅಂಗಡಿ.
ಗೋಡೆಯಾಚೆ ಅವಳ ಯಂತ್ರಗಳು ತಿರುಗಿದರೆ
ಈಚೆ ನನ್ನ ಗುಂಡುಸೂಜಿಯ ಡಬ್ಬಿ ನಡುಗುತ್ತದೆ.

ಆರ್ಡಿತ್ ಪ್ರುಕ್ನಿಕ್. ವಯಸ್ಸು ಅರುವತ್ತೊಂದು, ಸೊಂಟ ನಲವತ್ತು.
ಹೇಳಬಾರದು, ಆದರೆ ನನಗೆ ಈ ಬೀದಿಯವರೆಲ್ಲ
ಅಳತೆಯಿಂದಲೇ ಪರಿಚಯ.

ಮಾರ್ಚಿನಲ್ಲಿ ಒಬ್ಬ ಸ್ಕ್ರೂಡ್ರೈವರ್ ಹಿಡಿದು ಬಂದು
ಚಿಲ್ಲರೆ ಯಂತ್ರದ ಬಾಯಿ ಸೀಳಿದ.
ಇವಳು ಯಾರದೋ ಒದ್ದೆ ಚಾದರ ಹಿಡಿದು ನಿಂತೇ ಇದ್ದಳು,
ಅವನು ಹೋದಮೇಲೂ.
ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಬೂಟಿನೊಳಗೆ ಇಳಿಯಿತಂತೆ.

ಆಮೇಲೆ ಮೂರು ಶನಿವಾರ ವೆಂಡೆಲ್‌ನ ಗಾಜಿನ ಕಪಾಟಿನ ಮುಂದೆ.
ಅವನು ಮೊದಲು ಕೇಳಿದ್ದು, "ದಿನಾ ಏನು ತೊಡ್ತೀಯ?"
ಚಪ್ಪಲಿ ಮಾರುವವನು ಕೇಳಿದ ಹಾಗಿತ್ತು ಅಂದಳು.
ದೊಡ್ಡದು ಕೈಗೆ ಒಗ್ಗುತ್ತದೆ, ಮೈಗೆ ಒಗ್ಗುವುದಿಲ್ಲ.
ಚಿಕ್ಕದು ಮೈಗೆ ಒಗ್ಗುತ್ತದೆ, ಹಾರಿಸಿದರೆ
ಹೆಬ್ಬೆರಳ ಬುಡ ಬಾತುಕೊಳ್ಳುತ್ತದೆ.
ಇನ್ನೊಂದರ ಸ್ಲೈಡು ಎಳೆಯಲು
ಅವಳ ಗಂಟುಗಂಟು ಬೆರಳುಗಳು ಒಪ್ಪಲಿಲ್ಲ.
ರಿವಾಲ್ವರ್ ಸರಳ, ಆದರೆ ಅದಕ್ಕೆ ಬೊಜ್ಜು.
"ನನ್ನ ಹೊಟ್ಟೆಯ ಮೇಲೆ ಇನ್ನೊಂದು ಹೊಟ್ಟೆ ಯಾಕೆ, ಇಲ್ಕಾ?"

ಚಳಿಗಾಲದಲ್ಲಿ ಇಲ್ಲಿ ಏನನ್ನು ಬೇಕಾದರೂ ಬಚ್ಚಿಡಬಹುದು,
ಕೋಟಿನೊಳಗೆ ಒಂದು ಕುರಿಮರಿಯನ್ನೂ.
ಜುಲೈ ಕಷ್ಟ.
ಜುಲೈಯಲ್ಲಿ ಬಟ್ಟೆಗೆ ಸುಳ್ಳು ಹೇಳಲು ಬರುವುದಿಲ್ಲ.

ಉಪಾಯ ಹೇಳಿದ್ದು ನಾನೇ, ತಮಾಷೆಗೆ:
ಕೊಳ್ಳುವ ಮುಂಚೆ ಭಾರ ಹೊತ್ತು ನೋಡು.
ಕ್ವಾರ್ಟರ್ ನಾಣ್ಯಗಳಿಗೆ ಅವಳಲ್ಲಿ ಬರವೆ?
ಮೈಲಿಗೆ ಬಟ್ಟೆ ತೂಗುವ ತಕ್ಕಡಿಯಲ್ಲಿ ತೂಗಿದೆವು.
ಗುಂಡು ತುಂಬಿದ ದೊಡ್ಡದಕ್ಕೆ ನೂರೈವತ್ತು ನಾಣ್ಯ,
ಚಿಕ್ಕದಕ್ಕೆ ತೊಂಬತ್ತೇಳು.
ಜೋಡಿ ಕಳೆದುಕೊಂಡ ಕಾಲುಚೀಲವೂ ಅಲ್ಲಿ ಬೇಕಾದಷ್ಟು.
ಹಸಿರು ಪಟ್ಟೆಯ ಒಂದಕ್ಕೆ ನೂರೈವತ್ತು ತುಂಬಿ ಗಂಟು ಹಾಕಿ
ಪ್ಯಾಂಟಿನ ಒಳಗೆ, ಬಲಗಡೆ, ಅದಕ್ಕೊಂದು ಜೇಬು ಹೊಲಿದೆ.

ಹೊತ್ತಳು. ಮೆಟ್ಟಿಲೇರುವಾಗ, ಡ್ರೈಯರಿನೊಳಕ್ಕೆ ಬಗ್ಗುವಾಗ.
ಭಾನುವಾರ ಬೆಂಚಿಗೆ ತಾಗಿ ಝಣ್ ಎಂದಿತಂತೆ,
ಕಾಣಿಕೆ ತಟ್ಟೆ ಇಷ್ಟು ಬೇಗ ಬಂತೇ ಎಂದು
ಪಕ್ಕದವರು ಪರ್ಸು ತಡಕಿದರಂತೆ.
ಉಡಿಯಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ
ನಡೆದಳು ಮೊದಲೆರಡು ದಿನ. ಆಮೇಲೆ ಮರೆತಳು.
ಆ ಮರೆತದ್ದಕ್ಕೇ ನನಗೆ ದಿಗಿಲು.

ಎರಡನೇ ವಾರ ಅಳತೆಗೆ ಬಂದಾಗ ಜೇಬು ಸಡಿಲ.
ತೂಕ ಇಳಿದದ್ದು ಅವಳದಲ್ಲ, ಕಾಲುಚೀಲದ್ದು.
ಒಂದು ನಾಣ್ಯ ಕಮ್ಮಿ ಬಿದ್ದ ಹುಡುಗಿ,
ಒಂದೇ ಸಮವಸ್ತ್ರವಿರುವ ರಾತ್ರಿಪಾಳಿಯ ಥ್ಯಾಡಿಯಸ್,
ಮಗುವಿನ ಹಾಸಿಗೆ ಎರಡು ಸಲ ಒಣಗಿಸಬೇಕಾದವಳು.
ಗಂಟು ಬಿಚ್ಚಿ ಒಂದು, ಗಂಟು ಬಿಚ್ಚಿ ಮೂರು.
ಮೇಜಿನ ಮೇಲೆ ಸುರಿದು ಎಣಿಸಿದೆವು:
ತೊಂಬತ್ತೊಂಬತ್ತು.

ಇಲ್ಲಿಗೆ ಅವಳ ಮನಸ್ಸು ತಿರುಗಬೇಕಿತ್ತು.
ನಾನೂ ಟೇಪು ಕೊರಳಿಗೆ ಹಾಕಿಕೊಂಡು ಕಾದೆ.
ಅವಳು ಎರಡು ನಾಣ್ಯ ನನ್ನ ಕಡೆ ಸರಿಸಿ,
ಉಳಿದದ್ದು ಬಾಚಿ ತುಂಬಿಕೊಂಡು,
"ಹಾಗಾದರೆ ಚಿಕ್ಕದೇ" ಅಂದಳು.

ಈಗ ಅದು ಅಲ್ಲಿದೆ. ಯಾರಿಗೂ ಕಾಣುವುದಿಲ್ಲ,
ಅಷ್ಟು ಚೆನ್ನಾಗಿ ಹೊಲಿದಿದ್ದೇನೆ.
ಎರಡು ನಾಣ್ಯ ಗುಂಡುಸೂಜಿಯ ಡಬ್ಬಿಯಲ್ಲಿವೆ.

ಶುಕ್ರವಾರ ಬಾಗಿಲು ಹಾಕುವಾಗ ತಬ್ಬಿಕೊಳ್ಳುವುದು
ನಮ್ಮ ಹನ್ನೆರಡು ವರ್ಷದ ರೂಢಿ.
ಈಗ ಅವಳು ಎಡಮಗ್ಗುಲಿಂದ, ವಾರೆಯಾಗಿ ಬರುತ್ತಾಳೆ.
ನನ್ನ ಕೈಯೂ ಕಲಿತುಬಿಟ್ಟಿದೆ:
ಬೆನ್ನ ನಡುವೆ ನಿಲ್ಲುತ್ತದೆ,
ಕೆಳಗಿಳಿಯುವುದಿಲ್ಲ.