ಗೋಡೆಯ ಮೇಲೆ ತಲಪಾಡಿ

ಹದಿನೇಳು ವರ್ಷ ನಾನು ನಿಂತದ್ದು ಕಾಲಿನಲ್ಲಿ ಅಲ್ಲ,
ಬಲಗೈಯಲ್ಲಿ.
ಮೇಲಿನ ಸರಳಿಗೆ ಆ ಕೈ, ಎಡಗೈಯಲ್ಲಿ ಚಿಲ್ಲರೆ,
ಬಾಯಲ್ಲಿ ವಿಸಿಲು.
ಎಕ್ಕೂರಿನಲ್ಲಿ ಒಂದು ದನ ಅಡ್ಡ ಬಂತು.
ಜಯಂತ ಬ್ರೇಕಿನ ಮೇಲೆ ನಿಂತುಬಿಟ್ಟ.
ದನ ಉಳಿಯಿತು. ಐವತ್ತೆರಡು ಮಂದಿ ಉಳಿದರು.
ನನ್ನ ಮೈ ಮುಂದೆ ಹೋಯಿತು, ಕೈ ಸರಳಿನಲ್ಲೇ ಉಳಿಯಿತು.
ಒಳಗೆಲ್ಲೋ ಹಳೆ ಬಟ್ಟೆ ಹರಿದ ಸದ್ದು,
ನನಗೆ ಮಾತ್ರ ಕೇಳಿದ್ದು.

ಮೂರು ತಿಂಗಳು ಎಣ್ಣೆ, ಬಿಸಿ ಉಪ್ಪಿನ ಗಂಟು.
ತಲೆ ಬಾಚಲು ಹೆಂಡತಿ, ಅಂಗಿ ತೊಡಿಸಲು ಹೆಂಡತಿ.
ಗುಂಡಿ ಹಾಕುವಾಗ ಅವಳು ತಮಾಷೆ ಮಾಡುತ್ತಿರಲಿಲ್ಲ,
ಅದೇ ಕಷ್ಟ.

ಕಂಕನಾಡಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿ.
ಮೆಟ್ಟಿಲಿಡೀ ಬಿಸಿ ಬನ್ನಿನ ಪರಿಮಳ.
ಡಾಕ್ಟ್ರು ಜೆಸಿಂತಾ ಬಾಯಿ, ಮೂಗಿನ ತುದಿಯಲ್ಲಿ ಕನ್ನಡಕ.
ಕೂದಲೆಳೆಯಷ್ಟು ಸಪೂರದ ಸೂಜಿ,
ಚುಚ್ಚಿದ್ದು ಮೊಣಕಾಲಿನ ಕೆಳಗೆ!
"ನೋವು ಹೆಗಲಲ್ಲಿ ಮಾರಾಯ್ರೆ," ಅಂದೆ,
"ಸುರತ್ಕಲ್ಲಿಗೆ ಟಿಕೆಟ್ ತೆಗೆದವನನ್ನು
ತೊಕ್ಕೊಟ್ಟಿನಲ್ಲಿ ಇಳಿಸುದಾ?"
"ಸುಮ್ಮನೆ ಕೈ ಎತ್ತಿ," ಅಂದರು.
ಎತ್ತಿದೆ.
ನಿನ್ನೆ ನಿಂತಲ್ಲಿಗಿಂತ ನಾಲ್ಕು ಬೆರಳು ಮೇಲೆ.
ಇದು ಹೇಗೆ ಅಂತ ಅವರಿಗೂ ಪೂರ್ತಿ ಗೊತ್ತಿಲ್ಲವಂತೆ.
"ನೋವು ಸ್ವಲ್ಪ ಹೊತ್ತು ಬಾಗಿಲು ಬಿಟ್ಟು ನಿಲ್ಲುತ್ತದೆ,
ಅಷ್ಟರಲ್ಲಿ ಹತ್ತಿಕೊಳ್ಳಬೇಕು."
ಬಾಗಿಲು ಬಿಡಿ, ಒಳಗೆ ಹೋಗಿ ಎಂದು
ಹದಿನೇಳು ವರ್ಷ ಕೂಗಿದವನು ನಾನು.
ಅರ್ಥವಾಯಿತು.

ಪಕ್ಕದ ಕೋಣೆಯಲ್ಲಿ ನೌಶಾದ್. ಫಿಸಿಯೋ. ಇನ್ನೂ ಹುಡುಗ,
ಕರುಣೆ ಎಂಬುದೇ ಇಲ್ಲ.
ಸೂಜಿ ತೆಗೆದ ಬಿಸಿ ಆರುವ ಮೊದಲು ಅವನ ಕೈಗೆ ಸಿಗಬೇಕು.
ಬಾಗಿಲ ಮೇಲೆ ರಾಟೆ, ಬಾವಿಯಿಂದ ನೀರೆಳೆದ ಹಾಗೆ
ಒಳ್ಳೆಯ ಕೈ ಕೆಟ್ಟ ಕೈಯನ್ನು ಸೇದುವುದು.
ಆಮೇಲೆ ಗೋಡೆ.
ಎರಡು ಬೆರಳು ಜೇಡನ ಹಾಗೆ ಹತ್ತಬೇಕು,
ನಿಂತಲ್ಲಿ ಅವನೊಂದು ಗೆರೆ ಎಳೆದು ತಾರೀಕು ಹಾಕುತ್ತಾನೆ.
ತಾರೀಕು ನನಗೆ ತಲೆಯಲ್ಲಿ ನಿಲ್ಲುವುದಿಲ್ಲ.
ನಾನು ಸ್ಟಾಪು ಬರೆದೆ.
ಸೊಂಟದ ಹತ್ತಿರ ಸ್ಟೇಟ್‌ಬ್ಯಾಂಕ್.
ಜ್ಯೋತಿ. ಪಂಪ್‌ವೆಲ್.
ಎಕ್ಕೂರು ಬಂದಾಗ ಇಬ್ಬರೂ ಏನೂ ಹೇಳಲಿಲ್ಲ.
ಹೆಗಲ ಮಟ್ಟದಲ್ಲಿ ನೇತ್ರಾವತಿಯ ಸೇತುವೆ,
ನೋವು ಅಲ್ಲೇ, ಎರಡು ಗೇಣಿನಷ್ಟು ಉದ್ದ.
ಕೆಳಗೆ ನೀರು ಕಾಣುತ್ತದೆ.
ವಾಪಸು ಹೋಗಲೂ ಅಷ್ಟೇ ದೂರ.
"ದಾಟಿದರೆ ಕಲ್ಲಾಪು, ಆಚೆ ನೋವು ಕಮ್ಮಿ," ಅಂದ ನೌಶಾದ್.
ಅವನ ಮನೆ ಉಳ್ಳಾಲ, ಅವನಿಗೆ ಗೊತ್ತು.
ಇಪ್ಪತ್ತಾರು ದಿನ ಸೇತುವೆಯ ಮೇಲೆ ನಿಂತೆ.

ಜಯಂತ ಬರುತ್ತಾನೆ, ಗುರುವಾರ, ಡ್ಯೂಟಿ ಇಲ್ಲದಿದ್ದರೆ.
ತಪ್ಪಾಯಿತು ಅಂತ ಈ ತನಕ ಹೇಳಿಲ್ಲ.
ಮೂಲೆಯಲ್ಲಿ ಕೂತು ಬನ್ಸ್ ತಿನ್ನುತ್ತಾನೆ,
ಮತ್ತೆ ಪ್ಯಾಂಟಿಗೆ ಕೈ ಒರೆಸಿ
ಹಸಿರು ರಬ್ಬರು ಪಟ್ಟಿಯ ಆಚೆ ತುದಿ ಹಿಡಿಯುತ್ತಾನೆ.
ನಾನೆಳೆದರೆ ಅವನು ಸ್ವಲ್ಪ ಸ್ವಲ್ಪವೇ ಬಿಡುತ್ತಾನೆ.
ಅಷ್ಟು ಮೆತ್ತಗೆ ಅವನು ಬ್ರೇಕು ಬಿಟ್ಟದ್ದನ್ನು
ಬಸ್ಸಿನಲ್ಲಿ ನಾನು ಕಂಡದ್ದಿಲ್ಲ.

ಕಲ್ಲಾಪು ಮುಟ್ಟಿದ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ.
ಜೆಸಿಂತಾ ಬಾಯಿ ಆಚೆ ಯಾರದೋ ಸೊಂಟಕ್ಕೆ ಸೂಜಿ ಇಡುತ್ತಿದ್ದರು.
ನನ್ನಷ್ಟಕ್ಕೆ ನಾನೇ ಅಂದುಕೊಂಡೆ:
ರೈಟ್, ಪೋಯಿ.

ಈಗ ಬೆರಳು ಬೀರಿಯಲ್ಲಿ.
ತಲಪಾಡಿ ಇನ್ನೂ ಒಂದು ಗೇಣು.
ಬರಬಹುದು, ಬಾರದೆಯೂ ಇರಬಹುದು ಎಂದಿದ್ದಾರೆ ಇಬ್ಬರೂ.
ಮಾಲಕರು ಫೋನು ಮಾಡಿದ್ದರು,
ಬೇರೆ ಹುಡುಗ ಬಂದಿದ್ದಾನಂತೆ, ಒಳ್ಳೆಯವನಂತೆ.

ಇವತ್ತು ಬೆಳಿಗ್ಗೆ ತಲೆ ನಾನೇ ಬಾಚಿದೆ.
ಬೈತಲೆ ಸೊಟ್ಟ.
ಹೆಂಡತಿ ನೋಡಿದಳು,
ಸರಿ ಮಾಡಲೆಂದು ಕೈ ಎತ್ತಿ
ಹಾಗೇ ಇಳಿಸಿದಳು.