ಎಡೆಗೊಂದು ಬಾಟಲಿ

ಹದಿನೊಂದು ವರ್ಷ ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದೆ.
ಅಚ್ಚು ಒಡೆದು ಮೂಗಿಗೆ ಹಿಡಿದರೆ ಸಾಕು,
ಯಾವ ಆಲೆಮನೆಯದು, ಪಾಕ ಎಲ್ಲಿ ಸೀದಿತು,
ಸುಣ್ಣ ಎಷ್ಟು ಹೆಚ್ಚಾಯಿತು, ಹೇಳಿಬಿಡುತ್ತಿದ್ದೆ.
ಈಗ ಮಂಡ್ಯದ ನೂರಡಿ ರಸ್ತೆಯ ವೈನ್ ಸ್ಟೋರಿನಲ್ಲಿ
ಗಾಜಿನ ಬೀರುವಿನ ಬೀಗದ ಕೈ ನನ್ನದು.
ಕುಡಿಯುವವನಲ್ಲ. ಮೂಸುವವನು.

ಸಿಂಗಲ್ ಮಾಲ್ಟ್ ಕೇಳುವವರು ತಿಂಗಳಿಗೆ ನಾಕೈದು ಜನ.
ಲೇಬಲ್ಲಿನ ಹೆಸರು ಓದಲು ನಾಲಗೆ ತೊಡರುತ್ತದೆ
ಅವರಿಗೂ, ನನಗೂ.
ಅದಕ್ಕೇ ನನಗೆ ಬಂದ ಹಾಗೆ ಹೇಳುತ್ತೇನೆ:
ಇದು ಸಾರ್, ಕಳಿತ ರಸಬಾಳೆ, ಸಿಪ್ಪೆ ಕಪ್ಪಾಗಿ ಎರಡು ದಿನ ಆಗಿರೋದು.
ಇದು ಮದುವೆಮನೆ ಉಗ್ರಾಣ, ಒಣದ್ರಾಕ್ಷಿ, ಲವಂಗ, ಹಳೇ ಮರದ ಪೆಟ್ಟಿಗೆ.
ಇದು ಹಸಿ ಹುಲ್ಲು, ನಾಲೆ ಏರಿ, ಬೆಳಗಿನ ಆರು ಗಂಟೆ.
ಇದು ಹೊಗೆ. ಬರೀ ಹೊಗೆಯಲ್ಲ,
ರಚ್ಚು ಉರಿಯೋ ಆಲೆಮನೆ ಒಲೆ, ಮೇಲಿಷ್ಟು ಟಿಂಚರ್ ಅಯೋಡಿನ್.
"ಆಸ್ಪತ್ರೆಗೆ ಬೆಂಕಿ ಬಿದ್ದಂಗದೆ" ಎಂದರು ಒಬ್ಬ ಓವರ್‌ಸಿಯರು,
ಎರಡು ಬಾಟಲಿ ಒಯ್ದರು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ.
ಬದುಕಿದ್ದಾಗ ಬೈದವರೂ
ಸತ್ತವರಿಗೆಂದು ಕ್ವಾರ್ಟರ್ ಕಟ್ಟಿಸಿಕೊಂಡು ಹೋಗುವ ದಿನ.
ಆಕೆ ಕೌಂಟರಿನ ಕೊನೆಯಲ್ಲಿ ನಿಂತಿದ್ದಳು,
ಬ್ಯಾಂಕಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ, ಇಂದ್ರಾಣಿ ಸಿ.
"ನಮ್ಮಪ್ಪನ ಎಡೆಗೆ. ಒಳ್ಳೇದು ಕೊಡಿ.
ಮೊದಲು ಪ್ಯಾಕೆಟ್ಟು, ಆಮೇಲೆ ರಮ್ಮು, ಅಷ್ಟೇ ಕಂಡಿದ್ದು.
ಒಂದ್ಸಲನಾದ್ರೂ ಒಳ್ಳೇದು."

ಏನು ಕುಡಿಯುತ್ತಿದ್ದರು ಅನ್ನೋದು ಬೇಡಮ್ಮ, ಎಂದೆ.
ಕೆಲಸ ಬಿಟ್ಟು ಮನೆಗೆ ಬಂದಾಗ ಮೈ ಏನು ವಾಸನೆ ಬರ್ತಿತ್ತು?
ಕಣ್ಣು ಮುಚ್ಚಿದಳು.
ಹಿಂದಿನವನು "ಬೇಗ ಆಗ್ಲಿ ಅಕ್ಕ" ಎನ್ನುತ್ತಲೇ ಇದ್ದ.
"ಸಕ್ಕರೆ ಕಾರ್ಖಾನೆ. ಬಾಯ್ಲರ್. ಮಸಿ.
ಕಾಕಂಬಿ. ಒದ್ದೆ ಗೋಣಿ. ಬೀಡಿ."
ಇನ್ನೇನು ಯೋಚನೆ, ಕೈ ತಾನೇ ಹೋಯಿತು ಹೊಗೆಯ ಬಾಟಲಿಗೆ.
ಮೂಗು ಗೆದ್ದಿತೆಂದು ರಾತ್ರಿ ಹೆಂಡತಿಗೂ ಹೇಳಿಕೊಂಡೆ.

ಎಂಟು ದಿನಕ್ಕೆ ಮತ್ತೆ ಬಂದಳು. ಜೊತೆಗೆ ಸೋದರತ್ತೆ ಹೊಂಬಾಳಮ್ಮ,
ಕಂಕುಳಲ್ಲಿ ಟವೆಲು ಸುತ್ತಿದ ಬಾಟಲಿ,
ಮೂರು ಬೆರಳಿನಷ್ಟು ಕಮ್ಮಿ.
"ನೀನೇನಪ್ಪ ಇದ ಕೊಟ್ಟೋನು?
ಮೂವತ್ತೆರಡು ವರ್ಷ ಹೊಗೆ ಕುಡ್ದು ಸತ್ತೋನು ನಮ್ಮಣ್ಣ.
ಸತ್ತ ಮೇಲೂ ಡ್ಯೂಟಿಗೆ ಕಳಿಸ್ತೀಯಾ?"

ಅಂಗಡಿಯೆಲ್ಲ ನಕ್ಕಿತು.
ಹಾಗಾದರೆ ಸಿಹಿ ಇರೋದು, ಎಂದು ಬಾಯಿ ತೆರೆದೆ.
"ಕಾಪಿಗೂ ಸಕ್ರೆ ಹಾಕಿಸ್ಕೊಂಡೋನಲ್ಲ. ಕಂಡ್ರಾಗ್ತಿರಲಿಲ್ಲ."
ಮತ್ತೇನು ಇಷ್ಟ ಅವರಿಗೆ?
ಇಬ್ಬರೂ ಮುಖ ಮುಖ ನೋಡಿಕೊಂಡರು.
ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹೋಗಿ ಮುಗಿಯುವವರೆಗೂ
ಯಾರೂ ಮಾತಾಡಲಿಲ್ಲ.

"ರಾತ್ರಿ ಪಾಳಿ ಮುಗಿದ್ರೆ ನೇರ ಮನೆಗೆ ಬರ್ತಿರಲಿಲ್ಲ,"
ಎಂದಳು ಇಂದ್ರಾಣಿ, ತನಗೇ ಎಂಬಂತೆ.
"ನಾಲೆ ಏರಿ ಮೇಲೆ ಸೈಕಲ್ ಮಲಗಿಸಿ ಕೂತಿರ್ತಿದ್ರು.
ಕರೆಯೋಕೆ ನಾನೇ ಹೋಗ್ತಿದ್ದೆ, ಲಂಗ ನೆಂದುಹೋಗೋದು.
ಏನೂ ಮಾಡ್ತಿರಲಿಲ್ಲ. ಸುಮ್ನೆ ಕೂತಿರ್ತಿದ್ರು."

ನಾನು ಕೇಳಬೇಕಾಗಿದ್ದುದು ಮೈಗೆ ಅಂಟಿದ್ದನ್ನಲ್ಲ.
ಅದನ್ನು ತೊಳೆದುಕೊಳ್ಳಲು ಅವರು ಎಲ್ಲಿಗೆ ಹೋಗುತ್ತಿದ್ದರೆಂದು.
ಬೀರುವಿನ ಕೆಳಸಾಲಿನಲ್ಲಿ ಹಸಿ ಹುಲ್ಲಿನದು ಒಂದೇ ಉಳಿದಿತ್ತು.
ಬೆಲೆ ಹೇಳಿದೆ. ಅವಳು ಬೆರಳು ಮಡಿಸಿ ಎಣಿಸಿದಳು,
"ಮುಂದಿನ ಅಮಾಸೆಗೆ" ಎಂದಳು.
ಬಾಟಲಿಯನ್ನು ಹಿಂದಕ್ಕೆ ಸರಿಸಿ, ಮುಂದೆ ಎರಡು ಜಿನ್ ಇಟ್ಟೆ.

ಒಡೆದದ್ದನ್ನು ವಾಪಸ್ ತಗೊಳ್ಳಲ್ಲ ತಾಯಿ, ಎಂದೆ ಅತ್ತೆಗೆ.
ಆಕೆ ಆಗಲೇ ಟವೆಲು ಬಿಗಿದು ಕಟ್ಟುತ್ತಿದ್ದಳು.
"ವಾಪಸ್ಸು ಯಾರು ಕೇಳಿದ್ರು?
ನಂಗೆ ಸೇರ್ತದೆ ಇದು. ಬಯ್ಯೋಕೆ ಬಂದೆ, ಅಷ್ಟೆ."