ಹರಿಯದ ಗಂಟಲು

ಮೊದಲು ನೋಡಿದ್ದು ಅವಳ ಗಂಟಲನ್ನು, ಹಾಡು ಕೇಳಿದ್ದು ಆಮೇಲೆ.
ಟ್ರೂರೋದ ಆಸ್ಪತ್ರೆ, ಮಂಗಳವಾರ.
ಮೂಗಿನಿಂದ ಇಳಿಬಿಟ್ಟ ಕ್ಯಾಮೆರಾದ ತುದಿಯಲ್ಲಿ
ಎರಡು ಬಿಳಿ ಮಡಿಕೆ,
ಸುಗಂಧರಾಜದ ಎಸಳಿನ ಹಾಗೆ ನುಣ್ಣಗೆ.

ಮೊರ್ವೆನ್ನಾ ಟ್ರೆಂಬಾತ್, ಇಪ್ಪತ್ತೊಂಬತ್ತು.
ರೆಡ್‌ರೂತ್‌ನಲ್ಲಿ ನಾಯಿಗಳ ಕೂದಲು ಕತ್ತರಿಸುವ ಕೆಲಸ,
ಸಂಜೆ ಕಿರುಚುವುದು.
ಎಷ್ಟು ವರ್ಷದಿಂದ? ಏಳು.
ಗಂಟು ಹುಡುಕಿದೆ, ಗಾಯ ಹುಡುಕಿದೆ,
ಒಡೆದ ರಕ್ತನಾಳದ ಒಂದು ಎಳೆಯಾದರೂ.
ನಮ್ಮ ಕಡೆ ಹೇಳುವುದುಂಟಲ್ಲ,
ಗಂಟಲು ಹರಕೊಂಡು ಕೂಗಿದಳು ಅಂತ.
ಹರಿದಿರಲಿಲ್ಲ.

ಒಂದು ಸಲ ಕಿರುಚಿ ತೋರಿಸಿ, ಅಂದೆ.
ನರ್ಸ್ ಎದ್ದು ಬಾಗಿಲು ಹಾಕಿದಳು.
ಬಿಳಿ ಎಸಳುಗಳು ತಮಗೆ ಸಂಬಂಧವಿಲ್ಲವೆಂಬಂತೆ ಸರಿದು ನಿಂತವು.
ಅವುಗಳ ಮೇಲಿನ ದಪ್ಪ ಮಾಂಸ,
ಪುಸ್ತಕಗಳು ಹುಸಿ ಮಡಿಕೆಯೆಂದು ಕರೆದು
ಅರ್ಧ ಪುಟದಲ್ಲಿ ಮುಗಿಸಿಬಿಡುವ ಆ ಮಾಂಸ
ಅದುರತೊಡಗಿತು,
ಯಾರೋ ಒಳಗಿನಿಂದ ಕಂಬಳಿ ಕೊಡವಿದ ಹಾಗೆ.

ಹೋಗುವಾಗ ಮೇಜಿನ ಮೇಲೊಂದು ಕ್ಯಾಸೆಟ್ ಇಟ್ಟಳು.
ಮೂರು ಹಾಡು, ಹದಿನೆಂಟು ನಿಮಿಷ.
ಇಷ್ಟೇನಾ?
ದುಡ್ಡು ಇಷ್ಟಕ್ಕೇ ಆಯಿತು, ಡಾಕ್ಟರ್.

ಕ್ಯಾಸೆಟ್ ನುಂಗುವ ಬಾಯಿ ಉಳಿದಿದ್ದು ನನ್ನ ಹಳೆ ಕಾರಿಗೆ ಮಾತ್ರ.
ಕಾರ್ನ್ ಬ್ರೇ ಗುಡ್ಡದ ಬುಡದಲ್ಲಿ ನಿಲ್ಲಿಸಿ,
ಗಾಜು ಏರಿಸಿ, ಒತ್ತಿದೆ.

ಬೀಗ ಬಿದ್ದ ಚಾಪೆಲ್ಲಿನ ಆರ್ಗನ್.
ಒಂದು ಕೀಲಿ ಅಂಟಿಕೊಂಡು ಏಳದೆ ಉದ್ದಕ್ಕೂ ಕೊರೆಯುತ್ತದೆ,
ಅದನ್ನೇ ಶ್ರುತಿ ಮಾಡಿಕೊಂಡಿದ್ದಾರೆ ಪುಣ್ಯಾತ್ಮರು!
ಮೇಲೆ ನಲವತ್ತು ಪಿಟೀಲು.
ನಲವತ್ತೂ ಒಬ್ಬನೇ, ಬಾಡಿಗೆಯ ಕೀಬೋರ್ಡಿನಲ್ಲಿ.
ಸುಳ್ಳೆಂದು ಗೊತ್ತು.
ಅರಮನೆ ಪರದೆಯ ಮೇಲಿನ ಬಣ್ಣವೆಂದು ಗೊತ್ತಿದ್ದೂ
ಕಂಪನಿ ನಾಟಕದ ರಾಜ ಬಂದಾಗ
ಬೆನ್ನು ನೆಟ್ಟಗಾಗುತ್ತದಲ್ಲ, ಹಾಗೆ ಆಯಿತು.

ಗಿಟಾರು: ಮುಚ್ಚಿಹೋದ ಗಣಿಯ ತವರದ ಅದಿರನ್ನು
ಯಾರೋ ಮೊರದಲ್ಲಿ ಕೇರುತ್ತಲೇ ಇದ್ದಾರೆ.
ಡ್ರಮ್ಮು ಎಣಿಸಲು ಹೋದೆ, ತೊಡೆಯ ಮೇಲೆ ಬೆರಳಿಟ್ಟು.
ಎರಡನೇ ಕಾಲ, ಮೂರನೇ ಕಾಲ,
ಆಮೇಲೆ ಕಾಲವೇ ಇಲ್ಲ,
ಜೋರಾಗಿ ತಿರುಗುವ ಫ್ಯಾನು ನಿಂತಂತೆ ಕಂಡು
ಗಾಳಿ ಮಾತ್ರ ಮುಖಕ್ಕೆ ಹೊಡೆಯುವ ಹಾಗೆ.

ಎರಡನೆಯ ಹಾಡಿನ ನಡುವೆ ಎಲ್ಲವೂ ಬಿದ್ದುಹೋಗಿ
ಅಂಟಿದ ಆ ಕೀಲಿಯೊಂದೇ ಉಳಿಯುತ್ತದೆ.
ಅವಳು ಉಸಿರೆಳೆದುಕೊಳ್ಳುವುದು ಕೇಳುತ್ತದೆ.
ಅಳಿಸಬಹುದಿತ್ತು.
ಅಳಿಸಿಲ್ಲ.
ಆ ದಾರಿ ನನಗೆ ಗೊತ್ತು, ಬೆಳಗ್ಗೆ ತಾನೇ ಇಳಿದು ಬಂದಿದ್ದೆ.

ಮತ್ತೆ ಎಲ್ಲ ಒಟ್ಟಿಗೆ, ಅವಳೂ.
ಇಂಗ್ಲಿಷೋ ಕಾರ್ನಿಷೋ, ಒಂದು ಮಾತೂ ತಿಳಿಯಲಿಲ್ಲ.
ನೆನಪಾದದ್ದು ಮಿಸ್ಟರ್ ಪಾಸ್ಕೋ,
ಧ್ವನಿಪೆಟ್ಟಿಗೆಯನ್ನು ನಾನೇ ತೆಗೆದ ಮೇಲೆ
ಕುತ್ತಿಗೆಯ ತೂತಿಗೆ ಬೆರಳೊತ್ತಿ ಗೊರಗೊರ ಎನ್ನುವವನು,
ಮಗಳಿಗೆ ಫೋನ್ ಮಾಡಲು ನಾಚುವವನು.
ಅವನ ದನಿ ಇಲ್ಲಿತ್ತು,
ಕಿರೀಟ ಇಟ್ಟುಕೊಂಡು,
ನಲವತ್ತು ಸುಳ್ಳು ಪಿಟೀಲುಗಳು ಎದ್ದು ನಿಂತು ದಾರಿ ಬಿಟ್ಟಿದ್ದವು.

ಮೂರನೆಯದು ಏರುತ್ತದೆ, ಇನ್ನೂ ಏರುತ್ತದೆ,
ಇಳಿಯುವ ಮೊದಲೇ ಟೇಪು ಮುಗಿದು ಟಕ್.
ಗುಡ್ಡದ ಮೇಲೆ ಯಾರದೋ ನಾಯಿ. ನನ್ನದೇ ಕಿವಿಯ ಗುಂಯ್.
ಹಿಂದಕ್ಕೆ ಸುತ್ತಿದೆ, ಮತ್ತೆ ಕೇಳಿದೆ.
ಮೂರನೆಯ ಸಲಕ್ಕೆ
ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು
ನಾನೂ ಬಾಯಿ ತೆರೆದೆ.

ಫೈಲಿನಲ್ಲಿ ಬರೆದಿದ್ದೇನೆ: ಗಾಯವಿಲ್ಲ, ಆರು ತಿಂಗಳಿಗೆ ಮತ್ತೆ ಬರಲಿ.
ಬುಧವಾರ ನರ್ಸ್ ಕೇಳಿದಳು,
ಡಾಕ್ಟರ್, ದನಿಗೇನಾಯಿತು?
ನೆಗಡಿ, ಅಂದೆ.
ಅರ್ಧವೇ ಹೊರಬಂತು.